ಸರಿಹೋದ ಮುಳ್ಳು

ನೆವಾಡಾದ ಬಯಲಿನಲ್ಲಿ ವರ್ಲಾಳ ಪಿಕಪ್ ಕೆಮ್ಮಿ ಕೆಮ್ಮಿ ನಿಂತಿತು. ಹಿಂದಿನ ಟ್ಯಾಂಕಿನ ತುಂಬ ನೀರಿತ್ತು. ಪಂಪು ಕೆಟ್ಟು ಮೇಲಿನ ಹುಲ್ಲುಗಾವಲಿನ ದನಗಳು ನಿನ್ನೆಯಿಂದ ನೀರು ಕಂಡಿರಲಿಲ್ಲ. ರಾತ್ರಿಯೆಲ್ಲ ಆ ಪಂಪಿನ ಜತೆ ಹೆಣಗಿದ್ದ ಅವಳಿಗೆ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಮಲಗಿಬಿಡೋಣ ಅನ್ನಿಸಿತು.

ಹೊರಡುವಾಗಲೇ ಡೀಸೆಲ್ ಮೀಟರಿನ ಮುಳ್ಳು ಸೊನ್ನೆಯ ಹತ್ತಿರವಿತ್ತು. ಅವಳು ಹೆದರಿರಲಿಲ್ಲ. ಮುಳ್ಳು ಸೊನ್ನೆ ಮುಟ್ಟಿದ ಮೇಲೂ ಆ ಗಾಡಿ ಮೂವತ್ತು ಮೈಲಿ ಓಡುತ್ತದೆಂದು ಮನೆಯವರಿಗೆಲ್ಲ ಗೊತ್ತು.

ಗಂಡ ಆರಿನ್‌ಗೆ ಫೋನ್ ಮಾಡಿದಳು. “ಡೀಸೆಲ್ ಮುಗೀತು.”

“ಮುಳ್ಳು ನೋಡ್ಲಿಲ್ವಾ?”

“ನೋಡ್ದೆ. ಸೊನ್ನೆ ಅಂದ್ರೆ ಇನ್ನೂ ಮೂವತ್ತು ಮೈಲಿ ಅಲ್ವಾ?”

“ಸೋಮವಾರ ಅದನ್ನ ರಿಪೇರಿ ಮಾಡಿಸ್ದೆ ಕಣೇ. ಈಗ ಸರಿಯಾಗೇ ತೋರಿಸುತ್ತೆ.”

“ಮಹಾರಾಯ, ಬಾಯ್ಬಿಟ್ಟು ಹೇಳೋಕೆ ಏನಾಗಿತ್ತು?”

“ಮಾಡಿಸು ಮಾಡಿಸು ಅಂತ ವರ್ಷಗಟ್ಟಲೆ ತಲೆ ತಿಂದೋಳು ನೀನೇ ತಾನೆ?”

“ಕ್ಯಾನ್ ತಗೊಂಡು ಬಾ. ಜಗಳ ಆಮೇಲೆ ಆಡೋಣ.”

ಅವನು ಬರಲು ಎರಡು ಗಂಟೆಯಾದರೂ ಬೇಕು. ದಿಬ್ಬದ ಮೇಲೆ, ಬೇಲಿಯಾಚೆ, ಗಾಡಿಯ ಸದ್ದಿಗೆ ಓಡಿಬಂದ ದನಗಳು ಒಂದೇ ಸಮ ಕೂಗುತ್ತಿದ್ದವು. ಈ ಬಿಸಿಲಲ್ಲಿ ಕರುಗಳು ಅಷ್ಟು ಹೊತ್ತು ತಡೆಯುವಂತಿರಲಿಲ್ಲ. ನೀರು ಅಲ್ಲಿಗೆ ಹೋಗದಿದ್ದರೆ ದನಗಳೇ ಇಲ್ಲಿಗೆ ಬರಲಿ ಎಂದುಕೊಂಡು ವರ್ಲಾ ಕೆಳಗಿಳಿದಳು. ರಸ್ತೆ ಪಕ್ಕದ ತಗ್ಗಿನಲ್ಲಿ ಟಾರ್ಪಾಲು ಹಾಸಿ, ಅಂಚಿಗೆ ಕಲ್ಲು ಹೇರಿ, ಟ್ಯಾಂಕಿನ ನಲ್ಲಿ ಬಿಟ್ಟಳು. ಆಮೇಲೆ ಕಾಲೆಳೆಯುತ್ತ ದಿಬ್ಬ ಹತ್ತಿ ಗೇಟು ತೆರೆದಳು.

ದನಗಳು ಅವಳನ್ನು ಪಕ್ಕಕ್ಕೆ ತಳ್ಳಿ ಕೆಳಗೆ ಓಡಿದವು. ಕರುಗಳಿಗೂ ಜಾಗ ಸಿಕ್ಕಿದ್ದನ್ನು ನೋಡಿಕೊಂಡು ಅವಳು ಗೇಟಿನ ಕಂಬಕ್ಕೆ ಒರಗಿ ಕೂತಳು.