ಹದಿನೈದನೆಯ ಕೋಲು

ನಾನೊಂದು ಗಾಲ್ಫ್ ಕೋಲು. ಚೆಂಡನ್ನು ದೂರ ಹಾರಿಸುವ ಜಾತಿಯಲ್ಲ. ಹುಲ್ಲಿನ ಮೇಲೆ ಮೆಲ್ಲಗೆ ಉರುಳಿಸಿ ಕುಳಿ ಸೇರಿಸುವ ಪಟರ್. ಜಲಂಧರದ ಒಂದು ಕುಲುಮೆಯಲ್ಲಿ ಹಿತ್ತಾಳೆ ಕರಗಿಸಿ ನನ್ನ ತಲೆಯನ್ನು ಎರಕ ಹೊಯ್ದರು.

ಮೈಸೂರಿನಲ್ಲಿ ನನ್ನನ್ನು ಮೊದಲು ಕೊಂಡವರು ಒಬ್ಬ ಡಾಕ್ಟರು. ಒಳ್ಳೆಯವರೇ, ಮುಂಗೋಪ ಜಾಸ್ತಿ. ಒಂದು ಭಾನುವಾರ ಗೇಣುದ್ದದ ಹೊಡೆತ ತಪ್ಪಿತೆಂದು ನನ್ನನ್ನು ಹೊಂಡಕ್ಕೆ ಎಸೆದರು. ಅವರ ಚೀಲ ಹೊರುತ್ತಿದ್ದ ರಾಚಪ್ಪ ಪ್ಯಾಂಟು ಮಡಚಿ ನೀರಿಗಿಳಿದ. "ನೀನೇ ಇಟ್ಕೊಳಯ್ಯ" ಅಂದರು ಡಾಕ್ಟರು. ರಾಚಪ್ಪ ಕೆಸರು ಒರೆಸಿ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ನನ್ನನ್ನು ಮನೆಗೆ ತಂದ.

ಮನೆಯಲ್ಲಿ ಆರು ವರ್ಷದ ಮೊಮ್ಮಗಳು ಮಂಜರಿ. ಸಾರಿಸಿದ ಅಂಗಳದಲ್ಲಿ ಚೊಂಬನ್ನು ಅಡ್ಡ ಮಲಗಿಸಿ, ನನ್ನನ್ನು ನಡುವಿನಲ್ಲಿ ಹಿಡಿದು ಚೆಂಡು ತಳ್ಳುವಳು. "ಕಣ್ ನಂಬ್ಬೇಡ ಮಗ, ಅಂಗಾಲ್ ಕೇಳು" ಎಂದು ರಾಚಪ್ಪ ಅವಳ ಚಪ್ಪಲಿ ಬಿಡಿಸಿ ನೆಲದ ಇಳಿಜಾರು ತೋರಿಸುವನು. ಎಂಟು ವರ್ಷ ಹೀಗೇ ಕಳೆಯಿತು. ಮಕ್ಕಳ ಪಂದ್ಯಗಳನ್ನೆಲ್ಲ ಅವಳು ನನ್ನಿಂದಲೇ ಗೆದ್ದಳು. ಆಮೇಲೆ ಕ್ಲಬ್ಬಿನವರು ಹದಿನಾಲ್ಕು ಹೊಸ ಕೋಲು ಕೊಡಿಸಿದರು. ಚೀಲದಲ್ಲಿ ಅದಕ್ಕಿಂತ ಒಂದೂ ಹೆಚ್ಚಿರಕೂಡದು, ಅದು ಆಟದ ಕಟ್ಟಳೆ. ನಾನು ಬಾಗಿಲ ಹಿಂದೆ ನಿಂತೆ.

ರಾಜ್ಯ ತಂಡಕ್ಕೆ ನಾಲ್ವರನ್ನು ಆರಿಸುವ ಪಂದ್ಯ ಬಂತು. ಮೊಮ್ಮಗಳಿಗೆ ಶುಭವಾಗಲೆಂದು ರಾಚಪ್ಪ ನನ್ನನ್ನೂ ಊರಿಂದ ತಂದಿದ್ದ. ಕೊನೆಯ ದಿನ ಬೆಳಿಗ್ಗೆ ಚೀಲದ ಕೋಲುಗಳನ್ನು ಬೆರಳು ಮಡಚಿ ಎಣಿಸಿದ: ಹದಿಮೂರು. ಒಂದಕ್ಕೆ ಜಾಗವಿದೆಯೆಂದು ನನ್ನನ್ನು ಮೆಲ್ಲಗೆ ಇಳಿಬಿಟ್ಟ. ಮಂಜರಿ ಆಗ ಹೊಸ ಪಟರ್ ಹಿಡಿದು ಹೊರಗೆ ಅಭ್ಯಾಸ ಮಾಡುತ್ತಿದ್ದಳು. ಬಂದು ಅದನ್ನೂ ಸೇರಿಸಿದಳು.

ಮೂರನೆಯ ಕುಳಿಯ ಹತ್ತಿರ ಚೀಲಕ್ಕೆ ಕೈಹಾಕಿದವಳ ಬೆರಳಿಗೆ ಸೈಕಲ್ ಟ್ಯೂಬ್ ತಾಕಿತು. ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಯಾರೂ ನೋಡುತ್ತಿರಲಿಲ್ಲ. ನನ್ನನ್ನು ಒಳಗೆ ತಳ್ಳಿದ್ದರೆ ಮುಗಿದಿತ್ತು. ಅವಳು ಕೈಯೆತ್ತಿ ರೆಫರಿಯನ್ನು ಕರೆದಳು.

"ಸರ್, ಹದಿನೈದಿದೆ."

"ಯಾರಮ್ಮ ಹಾಕಿದ್ದು?"

"ನನ್ ಚೀಲ ಸರ್. ನಾನೇ ಎಣಿಸ್ಕೋಬೇಕಿತ್ತು."

ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆಲ್ಲುವ ಆಟದಲ್ಲಿ ಅವಳ ಲೆಕ್ಕಕ್ಕೆ ನಾಲ್ಕು ಹೊಡೆತದ ದಂಡ ಸೇರಿತು. ಹಗ್ಗದಾಚೆ ರಾಚಪ್ಪ ಗೂಟ ಹಿಡಿದು ನಿಂತುಬಿಟ್ಟ. ಆ ಕುಳಿ ಮುಗಿಸಿ ಬಂದು ಅವಳು ನನ್ನನ್ನು ಅವನ ಕೈಗಿಟ್ಟಳು. "ಊರ್ಕೊ ತಾತ. ಇನ್ನೂ ಬೇಕಾದಷ್ಟು ನಡೀಬೇಕು."

ಸಂಜೆಗೆ ಅವಳು ಐದನೆಯವಳು. ಒಂದೇ ಹೊಡೆತದ ಅಂತರದಲ್ಲಿ ತಂಡ ತಪ್ಪಿತು.

ಬಸ್ಸಿನಲ್ಲಿ ರಾಚಪ್ಪ, "ನನ್ ಕೈಯಾರ ಕೆಡಿಸ್ಬುಟ್ಟೆ ಕನವ್ವ" ಅಂದ.

"ನೀನ್ ಎಣಿಸಿದ್ದು ಸರಿಯಾಗೇ ಇತ್ತು ತಾತ. ಇನ್ನೊಂದು ನನ್ ಕೈಲಿತ್ತು. ಮುಂದಿನ್ ಸಲ ಇಬ್ರೂ ಕೂತು ಎಣಿಸಾಣ."

ಮರುವರ್ಷ ಅವಳು ತಂಡ ಸೇರಿದಳು. ಈಗ ಅವಳಿಗೆ ಹದಿನೇಳು ವರ್ಷ. ದೇಶದ ಹುಡುಗಿಯರ ತಂಡದಲ್ಲಿದ್ದಾಳೆ. ನನ್ನ ಹಿತ್ತಾಳೆ ಸವೆದು ಮಂಕಾಗಿದೆ. ರಾಚಪ್ಪ ಹಾಲಿನಂಗಡಿಗೆ ಹೋಗಿಬರಲು ನಾನು ಬೇಕು, ಅಷ್ಟೇ ನನ್ನ ಆಟ. ಬೇಸರವಿಲ್ಲ.

ಪಂದ್ಯದ ಬೆಳಿಗ್ಗೆ ಎಲ್ಲಿದ್ದರೂ ಅವಳ ಫೋನು ಬರುತ್ತದೆ. ಅವಳು ಒಂದೊಂದಾಗಿ ಎಣಿಸುತ್ತಾಳೆ, ಇವನು ಬೆರಳು ಮಡಚುತ್ತಾನೆ. ಹದಿನಾಲ್ಕಕ್ಕೆ ನಿಲ್ಲಿಸಿ ಕೇಳುತ್ತಾಳೆ:

"ಹದಿನೈದನೇದು?"

ರಾಚಪ್ಪ ನನ್ನ ತಲೆ ಸವರುತ್ತಾನೆ. "ನನ್ ಕೈಲದೆ ಕನವ್ವ. ಹೋಗು, ಆಡೋಗು."