ಮದುವೆ ಗ್ಯಾಲರಿ

ಎಂಟರ್ ಒತ್ತಿ ಅವಳು ಚಹಾದ ಲೋಟಕ್ಕೆ ಕೈಚಾಚಿದಳು. ಕಪ್ಪು ಪರದೆಯ ಮೇಲೆ ಫೋಟೊಗಳ ಹೆಸರುಗಳು ಒಂದರ ಕೆಳಗೊಂದು ಮೂಡುತ್ತಿದ್ದವು. ಸ್ಟುಡಿಯೊದಲ್ಲಿ ಫೋಟೊ ತಿದ್ದುವ ಕೆಲಸ ಅವಳದು. ಮೌಸ್ ಹಿಡಿದು ಒಂದೊಂದೇ ಫೋಟೊ ಎಳೆದು ಹಾಕುವವರನ್ನು ಕಂಡರೆ ಅವಳಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಒಂದು ಸಾಲು ಟೈಪ್ ಮಾಡಿದರೆ ಇಡೀ ಮದುವೆಯೇ ಆನ್‌ಲೈನ್ ಗ್ಯಾಲರಿ ಸೇರುತ್ತದೆ. ಆ ಸಾಲನ್ನಾದರೂ ಪೂರ್ತಿ ಟೈಪ್ ಮಾಡುವ ಜಾಯಮಾನ ಅವಳದಲ್ಲ. ಮೇಲಿನ ಬಾಣದ ಗುಂಡಿ ಒತ್ತಿ, ಹಿಂದಿನ ಸಾಲನ್ನೇ ವಾಪಸು ಕರೆದು, ಬೇಕಾದಷ್ಟು ತಿದ್ದಿ ಕಳಿಸುವುದು ರೂಢಿ.

ಈ ಸಲದ್ದು ಸ್ಟುಡಿಯೊದ ಕೆಲಸವಲ್ಲ. ತಂಗಿಯ ಮಗಳು ಹೊಸ ಶಾಲೆಗೆ ಸೇರಿದ ದಿನದ ಫೋಟೊಗಳು. ಗಂಡನ ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ಬಂದ ತಂಗಿ, ಊರಿನ ಇನ್ನೊಂದು ತುದಿಯಲ್ಲಿ ಅವನ ಕಣ್ಣಿಗೆ ಬೀಳದಂತೆ ಬದುಕುತ್ತಿದ್ದಳು. ಮಗು ಎಲ್ಲಿದ್ದರೂ ಹುಡುಕಿ ಎತ್ತಿಕೊಂಡು ಹೋಗುತ್ತೇನೆಂದು ಅವನು ಹೇಳಿಕಳಿಸಿದ್ದ. ನೆಟ್ಟಿಗೆ ಹಾಕಬೇಡ ಎಂದು ತಂಗಿ ಬೇಡಿಕೊಂಡಿದ್ದಳು. "ನೀನೊಬ್ಬಳೇ ನೋಡೋ ಗ್ಯಾಲರಿ ಕಣೇ. ನನ್ನ ಕೈಲಿ ತಪ್ಪಾಗುತ್ತಾ?" ಎಂದು ಇವಳೇ ಬಾಯಿ ಮುಚ್ಚಿಸಿದ್ದಳು.

ಲೋಟ ತುಟಿಗೆ ತಾಗುವಾಗ ಅವಳ ಕಣ್ಣು ಸಾಲಿನ ಕೊನೆಗೆ ಹೋಯಿತು. ಫೋಲ್ಡರಿನ ಹೆಸರು ತಿದ್ದಿದ್ದಳು. ಗ್ಯಾಲರಿಯ ಹೆಸರು ತಿದ್ದಿರಲಿಲ್ಲ. ಅಲ್ಲಿ ನಿನ್ನೆ ಕಳಿಸಿದ ಮದುವೆಯ ಹೆಸರೇ ಇತ್ತು.

ಆ ಮದುಮಗ ತಂಗಿಯ ಗಂಡನ ಆಫೀಸಿನವನು. ಹೊಸ ಫೋಟೊ ಬಿದ್ದ ಕೂಡಲೇ ಗ್ಯಾಲರಿ ಸೇರಿದವರೆಲ್ಲರ ಫೋನಿಗೂ ಸುದ್ದಿ ಹೋಗುತ್ತದೆ. ಊಟದ ಸಾಲಿನ ಫೋಟೊದ ಕೆಳಗೆ ತಂಗಿಯ ಗಂಡ ಬರೆದ ಜೋಕನ್ನು ನಿನ್ನೆ ಓದಿ ಅವಳ ಮೈ ಉರಿದಿತ್ತು.

ನಿಲ್ಲಿಸುವ ಗುಂಡಿಗಳನ್ನು ಒತ್ತಿದಳು. ಬೆರಳು ಜಾರಿತು, ಮತ್ತೆ ಒತ್ತಿದಳು. ಸಾಲುಗಳು ನಿಂತವು. ಗ್ಯಾಲರಿ ತೆರೆದರೆ ಮಾಲೆ ಹಾಕಿಕೊಂಡ ಜೋಡಿಯ ಪಕ್ಕದಲ್ಲೇ ಹಲ್ಲು ಬಿದ್ದ ಬಾಯಿ ಬಿಟ್ಟು ನಗುತ್ತಾ ಮಗು ನಿಂತಿತ್ತು. ಹಿಂದೆ ಶಾಲೆಯ ಗೇಟು, ಮೇಲೆ ಬೋರ್ಡು. ಅಕ್ಷರಗಳು ಮಸುಕಾಗಿವೆಯೆಂದು ಅವಳೇ ಕೂತು ತಿದ್ದಿ ಸ್ಪಷ್ಟ ಮಾಡಿದ್ದಳು.

"ಏನಮ್ಮಾ, ದೆವ್ವ ಕಂಡೋರ ಹಾಗೆ ಕೂತಿದೀಯ?" ಬಾಗಿಲಲ್ಲಿ ಸ್ಟುಡಿಯೊ ಮಾಲೀಕರು.

"ಏನಿಲ್ಲ ಸರ್."

ಅಳಿಸುವ ಮೊದಲು, ಮಗುವಿನ ಫೋಟೊ ನೋಡಿದವರು ಯಾರೆಂದು ಒತ್ತಿ ನೋಡಿದಳು. ಒಂದೇ ಹೆಸರಿತ್ತು. ಆ ಹೆಸರನ್ನು ತಂಗಿಯ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದೂ ಅವಳೇ. ಫೋಟೊಗಳನ್ನು ಅಳಿಸಿದಳು. ಅಳಿಸಿ ಏನು ಬಂತು?

ತಂಗಿಗೆ ಫೋನು ಮಾಡಿದಳು. ಶಾಲೆಯ ಎದುರಿನ ಔಷಧಿ ಅಂಗಡಿಯಲ್ಲಿ ತಂಗಿಗೆ ಕೆಲಸ.

"ಹೇಳಕ್ಕಾ, ಗಿರಾಕಿ ಇದಾರೆ."

"ತಪ್ಪಾಗೋಯ್ತು ಕಣೇ. ಮಗು ಫೋಟೊ ಅವನು ನೋಡಿಬಿಟ್ಟ."

ತಂಗಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಯಾವ ಫೋಟೊ?"

"ಗೇಟಿಂದು. ಬೋರ್ಡು ಕಾಣುತ್ತೆ."

"ಯಾವಾಗ?"

"ಈಗ. ಈಗಷ್ಟೇ."

ಫೋನು ಕಟ್ಟಾಗಲಿಲ್ಲ. ಅಂಗಡಿಯ ಗಾಜಿನ ಬಾಗಿಲು ತೆರೆದ ಸದ್ದು, ಹಾರ್ನುಗಳು, ಯಾರೋ ಬೈದದ್ದು, ಆಮೇಲೆ ತಂಗಿಯ ಏದುಸಿರು. "ಮಿಸ್, ಸ್ವಲ್ಪ ಅರ್ಜೆಂಟು, ಮಗೂನ ಕಳಿಸಿಕೊಡಿ." ಇತ್ತ ಅವಳು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಇನ್ನೊಂದು ದನಿ, ಗಂಡಸಿನ ದನಿ, ಎಲ್ಲಿ ಕೇಳುತ್ತದೋ ಎಂದು ಫೋನನ್ನು ಕಿವಿಗೆ ಒತ್ತಿಕೊಂಡಳು. ಕೊನೆಗೆ ಕೇಳಿದ್ದು ಮಗುವಿನ ದನಿ.

"ಅಮ್ಮಾ, ನನ್ನ ಬ್ಯಾಗು ಒಳಗೇ ಇದೆ."

"ಇರ್ಲಿ, ಬಾ."

"ನಾಳೆ ತಗೊಳ್ಳೋಣ್ವಾ?"

ಎರಡು ಜೊತೆ ಹೆಜ್ಜೆಗಳು ಓಡತೊಡಗಿದವು. ಚಿಕ್ಕ ಹೆಜ್ಜೆಗಳು ಹಿಂದೆ ಬೀಳುತ್ತಿದ್ದವು. ಆಮೇಲೆ ಅವು ನಿಂತವು. "ಬಾ, ಎತ್ಕೊಳ್ತೀನಿ," ಎಂದಳು ತಂಗಿ. ಒಂದೇ ಜೊತೆ ಹೆಜ್ಜೆ ಭಾರವಾಗಿ ಓಡುವುದು ಕೇಳಿಸಿತು.