ಗುಂಡು ತಪ್ಪಿದ ಮೇಲೆ

ನನ್ನ ಗಂಡ ಆರ್ವಿಲ್ ಟ್ಯಾಕೆಟ್ ಇಪ್ಪತ್ತೊಂದು ವರ್ಷಗಳಲ್ಲಿ ಇನ್ನೂರ ಹನ್ನೆರಡು ಸಲ ಸತ್ತಿದ್ದ. ಸಾಯುವುದೇ ಅವನ ಹೊಟ್ಟೆಪಾಡು. ಕೌಬಾಯ್ ಸಿನಿಮಾದಲ್ಲಿ ನಾಯಕ ಓಡುವ ಕುದುರೆಯ ಮೇಲಿಂದ ಪಿಸ್ತೂಲು ಎತ್ತಿದ ಕೂಡಲೇ ಅಲ್ಲೆಲ್ಲೋ ಬಂಡೆಯ ಮೇಲಿಂದ ಒಬ್ಬ ಎದೆ ಹಿಡಿದುಕೊಂಡು ಉರುಳುತ್ತಾನಲ್ಲ, ಅವನೇ ನಮ್ಮ ಯಜಮಾನ. ಬೆಳಿಗ್ಗೆ ಕಳ್ಳನಾಗಿ ಸಾಯುವನು. ಮಧ್ಯಾಹ್ನ ಒಂದು ತಟ್ಟೆ ಬೀನ್ಸ್ ತಿಂದು, ಮೀಸೆ ಅಂಟಿಸಿಕೊಂಡು, ಅದೇ ಕಳ್ಳನನ್ನು ಹಿಡಿಯಲು ಬಂದವನಾಗಿ ಮತ್ತೆ ಸಾಯುವನು. ಒಂದು ಚಿತ್ರದಲ್ಲಂತೂ ತನ್ನನ್ನು ತಾನೇ ಅಟ್ಟಿಸಿಕೊಂಡು ಹೋಗಿ, ತಾನೇ ಗುಂಡು ಹೊಡೆದು, ತಾನೇ ಬಿದ್ದಿದ್ದಾನೆ. ನೋಡಿದವರಿಗೆ ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು, ಏಕೆಂದರೆ ಎರಡೂ ಶರ್ಟು ಹೊಲಿದವಳು ನಾನು.

ನಾನು ಅದೇ ಸ್ಟುಡಿಯೋದ ದರ್ಜಿ. ನಮ್ಮದು ಹತ್ತು ದಿನಕ್ಕೊಂದು ಸಿನಿಮಾ ಮುಗಿಸಿ ಕೈತೊಳೆದುಕೊಳ್ಳುವ ಚಿಕ್ಕ ಸ್ಟುಡಿಯೋ. ಶನಿವಾರದ ಬೆಳಗಿನ ಆಟಕ್ಕೆ ಬರುವವರು ಮಕ್ಕಳಾದ್ದರಿಂದ ನಮ್ಮಲ್ಲಿ ರಕ್ತ ಸುರಿಯುವುದಿಲ್ಲ, ಶರ್ಟಿಗೆ ತೂತು ಬೀಳುವುದಿಲ್ಲ. ಸತ್ತವನ ಅಂಗಿಯ ಧೂಳು ಕೊಡವಿದರೆ ಅದನ್ನು ಹಾಕಿಕೊಂಡು ಇನ್ನೊಬ್ಬ ಸಾಯಬಹುದು.

ಸಾಯುವುದರಲ್ಲಿ ಆರ್ವಿಲ್‌ಗೆ ಜಂಬವೂ ಕಡಿಮೆಯಿರಲಿಲ್ಲ. ಥಿಯೇಟರಿಗೆ ಹೋದರೆ ಬೇರೆಯವರ ಸಾವು ಕಂಡು ಮೂಗು ಮುರಿಯುತ್ತಿದ್ದ. "ಇದೊಂದು ಬೀಳೋದಾ? ಆಲೂಗಡ್ಡೆ ಮೂಟೆ ಇಳಿಸಿದ ಹಾಗಿದೆ," ಎನ್ನುತ್ತಿದ್ದ. ಮುಂದಿನ ಸಾಲಿನವರು ತಿರುಗಿ ನೋಡಿದರೆ ಅವರಿಗೂ ಕೈ ಬೀಸಿ ವಿವರಿಸುತ್ತಿದ್ದ.

ಆದರೆ ೧೯೫೩ರ ಹೊತ್ತಿಗೆ ಅವನಿಗೆ ನಲವತ್ತೊಂಬತ್ತಾಗಿತ್ತು. ಪಕ್ಕೆಲುಬು ಮೂರು ಸಲ ಮುರಿದಿದ್ದವು. "ಇನ್ನೊಂದು ಸಲ ಕುದುರೆಯಿಂದ ಬಿದ್ದರೆ ಎದ್ದು ನಡೆಯೋ ಆಸೆ ಬಿಟ್ಟುಬಿಡಿ," ಎಂದು ಡಾಕ್ಟರು ಹೇಳಿದ್ದರು. ಅದನ್ನು ಅವನು ನಗುನಗುತ್ತಲೇ ನನಗೆ ಹೇಳಿದ. ನನಗೆ ನಗು ಬರಲಿಲ್ಲ. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ, ಬೀಳದಿದ್ದರೆ ಅವನನ್ನು ಕೇಳುವವರೂ ಇರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ನಿರ್ದೇಶಕ ಹಾಲ್ಪರ್ನ್ ಅವನನ್ನು ಕರೆಸಿದರು. ಟೆಲಿವಿಷನ್ನಿಗೆ ವಾರಕ್ಕೊಂದು ಕಂತಿನ ಕಥೆ ಮಾಡಲಿದ್ದರು. ಅದರಲ್ಲಿ ಷರೀಫನದ್ದು, ಅಂದರೆ ಊರು ಕಾಯುವ ಪೊಲೀಸ್ ಅಧಿಕಾರಿಯದ್ದು, ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ಕಿರಿಯರಿಗೆ ಬುದ್ಧಿ ಹೇಳುವ ಪಾತ್ರ. ಕುದುರೆಯೇ ಇಲ್ಲ!

"ನಿನ್ನ ಮುಖ ಷರೀಫನಿಗೆ ಹೇಳಿ ಮಾಡಿಸಿದ ಹಾಗಿದೆ ಆರ್ವಿಲ್," ಎಂದರು ಹಾಲ್ಪರ್ನ್. "ಈಗ ತೆಗೀತಿರೋ ಸಿನಿಮಾದಲ್ಲೂ ಒಬ್ಬ ಷರೀಫ ಇದಾನೆ. ಕಳ್ಳ ಹೊಡೆದ ಗುಂಡು ತಪ್ಪಿ ಕಂಬಕ್ಕೆ ಬೀಳುತ್ತೆ. ಇವನು ಅಲ್ಲಾಡದೆ ನಿಂತು ನಾಲ್ಕು ಮಾತಾಡ್ತಾನೆ. ಅದನ್ನ ಸರಿಯಾಗಿ ಮಾಡು, ಟೆಲಿವಿಷನ್ ಕುರ್ಚಿ ನಿನ್ನದು."

ಇಪ್ಪತ್ತೊಂದು ವರ್ಷಗಳಲ್ಲಿ ತೆರೆಯ ಮೇಲೆ "ಆ!" ಬಿಟ್ಟು ಬೇರೇನನ್ನೂ ಹೇಳದವನು ಒಂದು ವಾರ ಆ ನಾಲ್ಕು ಮಾತನ್ನು ಉರು ಹೊಡೆದ. ಕನ್ನಡಿಗೆ ಹೇಳಿದ, ಬೆಕ್ಕಿಗೆ ಹೇಳಿದ, ಒಲೆಯಲ್ಲಿದ್ದ ಜೋಳದ ಬ್ರೆಡ್ಡಿಗೂ ಹೇಳಿದ. ಮನೆಯಲ್ಲಿ ಗುಂಡು ಹಾರಿಸಿ ನೋಡಬೇಕೆಂದು ಮಾತ್ರ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಚಿತ್ರೀಕರಣ ಕಣಿವೆಯ ಬಂಡೆಗಳ ನಡುವೆ ಕಟ್ಟಿದ ಸುಳ್ಳು ಊರಿನಲ್ಲಿ. ಆರ್ವಿಲ್ ಎದೆಗೆ ಷರೀಫನ ನಕ್ಷತ್ರದ ಬಿಲ್ಲೆ ಸಿಕ್ಕಿಸಿಕೊಂಡು ಜಗಲಿಗೆ ಬಂದು ನಿಂತ. ಎಂಥ ಗತ್ತು! ಎದುರಿಂದ ಕಳ್ಳ ಗುಂಡು ಹಾರಿಸಿದ. ಢಂ!

ನನ್ನ ಗಂಡ ಎದೆ ಹಿಡಿದುಕೊಂಡ, ಅರ್ಧ ಸುತ್ತು ತಿರುಗಿದ, ಕಂಬವನ್ನು ತಬ್ಬಿ ಜಾರಿ, ಮೂರು ಮೆಟ್ಟಿಲು ಉರುಳಿ ಪ್ರಾಣ ಬಿಟ್ಟ. ಅಷ್ಟು ಚೆಂದದ ಸಾವನ್ನು ನಾನು ಕಂಡಿರಲಿಲ್ಲ. ಲೈಟಿನವರು ಚಪ್ಪಾಳೆ ತಟ್ಟಿಬಿಟ್ಟರು.

"ಆರ್ವಿಲ್, ಗುಂಡು ನಿನಗೆ ಬಿದ್ದಿಲ್ಲಪ್ಪಾ!" ಎಂದರು ಹಾಲ್ಪರ್ನ್.

"ಗೊತ್ತು ಸಾರ್."

"ಮತ್ಯಾಕೆ ಸತ್ತೆ?"

"ಅಭ್ಯಾಸ ಸಾರ್," ಎಂದ ಇವನು, ಮಲಗಿದಲ್ಲಿಂದಲೇ.

ಎರಡನೇ ಸಲವೂ ಸತ್ತ. ಮೂರನೇ ಸಲ ಹಾಲ್ಪರ್ನ್ ಉಪಾಯ ಹೂಡಿ, ಗುಂಡೇ ಬೇಡ, ಸದ್ದು ಆಮೇಲೆ ಸೇರಿಸೋಣ ಎಂದರು. ಕಳ್ಳ ಬರೀ ಬೆರಳು ಮಡಚಿದ. ಆರ್ವಿಲ್ ಅದನ್ನೂ ಕಂಡ. ಮಂಡಿ ಬಾಗಿತು, ತಡೆಯಲು ಹೋಗಿ ಅರ್ಧಕ್ಕೇ ಜಾರಿ, ಪಕ್ಕೆಯನ್ನು ಮೆಟ್ಟಿಲಿಗೆ ಬಡಿದುಕೊಂಡ. ಈ ಸಲ ಕೂಡಲೇ ಏಳಲಿಲ್ಲ. ಯಾರೂ ಚಪ್ಪಾಳೆ ತಟ್ಟಲೂ ಇಲ್ಲ.

"ಇನ್ನೊಂದೇ ಸಲ, ಗುಂಡು ಹಾರಿಸಿಯೇ," ಎಂದರು ಹಾಲ್ಪರ್ನ್, ಇಳಿಯುತ್ತಿದ್ದ ಬಿಸಿಲು ನೋಡುತ್ತಾ. "ಆಗದಿದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಧೂಳು ಕೊಡವುವ ನೆವದಲ್ಲಿ ನಾನು ಬ್ರಷ್ ಹಿಡಿದು ಜಗಲಿ ಹತ್ತಿದೆ.

"ವೆಲ್ಡಾ, ನನ್ ಕೈಲಿ ಆಗಲ್ಲ ಕಣೇ," ಎಂದ ಮೆಲ್ಲಗೆ. "ಮಂಡಿ ತಾನಾಗೇ ಮಡಚ್ಕೊಳ್ಳುತ್ತೆ. ನನ್ನ ಮಾತೇ ಕೇಳಲ್ಲ."

"ನಿನ್ನ ಮಾತು ಯಾರು ಕೇಳ್ತಾರೆ? ಬೆಕ್ಕೂ ಕೇಳಲ್ಲ. ನಾನು ಹೇಳ್ದೆ ಅಂತ ಮಂಡಿಗೆ ಹೇಳು."

"ಬಿದ್ರೆ?"

"ಬಿದ್ರೆ ಎತ್ತೋಳು ನಾನೇ, ಇನ್ಯಾರು?" ಎಂದೆ. ತಮಾಷೆ ಅಲ್ಲಿಗೇ ಮುಗಿಯಿತು. "ಆರ್ವಿಲ್, ನನಗೆ ಭಯ ಆಗ್ತಿದೆ ಕಣೋ. ನಿಂತ್ಕೋ. ಇದೊಂದ್ಸಲ ನಿಂತ್ಕೊಂಡ್ಬಿಡು."

ಅವನು ನನ್ನ ಮುಖವನ್ನೇ ನೋಡಿ, ಎದೆಯ ನಕ್ಷತ್ರವನ್ನು ನೆಟ್ಟಗೆ ಮಾಡಿಕೊಂಡ. ನಾನು ಇಳಿದು ಬಂದು ಕ್ಯಾಮೆರಾದ ಪಕ್ಕ ನಿಂತೆ.

ಢಂ! ಕಂಬದಿಂದ ಪುಡಿ ಹಾರಿತು. ಆರ್ವಿಲ್‌ನ ಮಂಡಿ ನಡುಗಿತು. ಕೈ ಎದೆಗೆ ಹೋಯಿತು.

ಅವನು ಬೀಳಲಿಲ್ಲ.

ಬೀಳಲಿಲ್ಲ ಸರಿ, ಆದರೆ ಮಾತೂ ಬರಲಿಲ್ಲ. ಎದೆಯ ಮೇಲೆಲ್ಲಾ ಅಂಗೈಯಾಡಿಸಿ ತೂತು ಹುಡುಕಿದ. ಅಂಗೈ ತಿರುಗಿಸಿ ನೋಡಿಕೊಂಡ. ಆ ಕಡೆ ಈ ಕಡೆ ನೋಡಿದ. ಪಾಪ, ಅವನಿಗಾದರೂ ಹೇಗೆ ಗೊತ್ತಿರಬೇಕು? ಇಪ್ಪತ್ತೊಂದು ವರ್ಷ ಗುಂಡಿನ ಸದ್ದಿನವರೆಗೆ ಮಾತ್ರ ಅವನ ಕೆಲಸ. ಆಮೇಲೆ ಕಣ್ಣು ಮುಚ್ಚಿ ಮಲಗಿರುತ್ತಿದ್ದ. ಬದುಕಿ ಉಳಿದವರು ಮುಂದೇನು ಮಾಡುತ್ತಾರೆಂದು ಅವನು ಒಮ್ಮೆಯೂ ಕಂಡಿರಲಿಲ್ಲ. ಬೆಕ್ಕಿಗೆ ಬಾಯಿಪಾಠ ಬರುವಷ್ಟು ಹೇಳಿದ್ದ ನಾಲ್ಕು ಮಾತೂ ಹಾರಿಹೋಗಿದ್ದವು. ಅವನ ಕಣ್ಣು ಕ್ಯಾಮೆರಾ ದಾಟಿ ನನ್ನನ್ನು ಹುಡುಕಿತು.

"ವೆಲ್ಡಾ," ಎಂದ, ಮಗುವಿನಂತೆ. "ಈಗ ಏನ್ ಮಾಡ್ಬೇಕು?"

ನನಗೂ ಕ್ಯಾಮೆರಾ ಮರೆತೇಹೋಯಿತು. "ಈಗ ಮನೆಗೆ ಬಾ," ಎಂದು ಕೂಗಿಬಿಟ್ಟೆ.

ಅವನು ಮೂರೂ ಮೆಟ್ಟಿಲನ್ನು ಕಾಲಿನಿಂದಲೇ ಇಳಿದು, ನಡೆದುಕೊಂಡೇ ಬಂದು ನನ್ನ ಮುಂದೆ ನಿಂತ. ಆಗಲೇ ಹಾಲ್ಪರ್ನ್ "ಕಟ್" ಎಂದದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ನಾನು ತಲೆ ತಗ್ಗಿಸಿದೆ.

"ಕಥೇಲಿ ಷರೀಫನ ಹೆಂಡ್ತಿ ಹೆಸರೇನು?" ಎಂದು ಹಾಲ್ಪರ್ನ್ ಸಹಾಯಕನನ್ನು ಕೇಳಿದರು.

"ಮಾರ್ಗರೆಟ್ ಸಾರ್."

"ಇನ್ಮೇಲೆ ವೆಲ್ಡಾ ಅಂತ ಬರ್ಕೋ. ಈ ತುಣುಕು ಹೀಗೇ ಇರ್ಲಿ, ಆಯಮ್ಮನ ಕೂಗೂ ಇರ್ಲಿ."

"ಹಾಗಾದ್ರೆ ನನ್ನ ನಾಲ್ಕು ಮಾತು ಸಾರ್?" ಎಂದ ಆರ್ವಿಲ್.

"ಮುಂದಿನ ತಿಂಗಳಿಂದ ಕುರ್ಚೀಲಿ ಕೂತ್ಕೊಂಡು ವಾರವಾರ ಮಾತಾಡಯ್ಯಾ, ಯಾರು ಬೇಡ ಅಂದ್ರು?"

ಅದನ್ನು ಕೇಳಿ ನಾನು ಅಷ್ಟು ಜನರೆದುರು, ಬ್ರಷ್ ಹಿಡಿದುಕೊಂಡೇ, ಗೊಳೋ ಎಂದು ಅತ್ತುಬಿಟ್ಟೆ. ಆರ್ವಿಲ್ ಕಕ್ಕಾಬಿಕ್ಕಿಯಾಗಿ ನನ್ನ ಭುಜ ಹಿಡಿದುಕೊಂಡ.

"ಇದೇನೇ ಇದು? ಅಷ್ಟು ಸಲ ಸತ್ತಾಗ ಒಂದು ಹನಿ ಕಣ್ಣೀರು ಹಾಕ್ಲಿಲ್ಲ," ಎಂದ. "ಬದುಕಿದ್ದಕ್ಕೆ ಅಳ್ತೀಯಲ್ಲ!"